ಹಾಡಿನಲ್ಲಿಲ್ಲದ ಜಿಂಕೆ

ಮೆಚ್ಚಿದ ಹಾಡೊಂದನ್ನು ನೂರು ಸಲ ಕೇಳಿದವನ ಮನಸ್ಸಿನಲ್ಲಿ ಅದಕ್ಕೊಂದು ಚಿತ್ರ ತಾನಾಗಿಯೇ ಮೂಡಿರುತ್ತದೆ. ಅದನ್ನು ಅವನು ಯಾರಿಗೂ ತೋರಿಸಿರುವುದಿಲ್ಲ. ತೋರಿಸಲು ಬರುವುದೂ ಇಲ್ಲ. ಹೀಗಿರುವಾಗ ಹಾಡಿದವರೇ ಒಂದು ದಿನ ಬೇರೊಂದು ಚಿತ್ರವನ್ನು ಮುಂದಿಟ್ಟರೆ ಅವನ ಪಾಡೇನು? 2011ರಲ್ಲಿ ಅಮೆರಿಕದ 'ಫ್ಲೀಟ್ ಫಾಕ್ಸಸ್' ತಂಡದ ಅಭಿಮಾನಿಗಳಿಗೆ ಎದುರಾದ ಪ್ರಶ್ನೆ ಇದೇ.

ಸಿಯಾಟಲ್ ನಗರದಲ್ಲಿ ಹುಟ್ಟಿದ ಈ ತಂಡ ಜಾನಪದ ಧಾಟಿಯ ಹಾಡುಗಳಿಗೆ ಹೆಸರಾದುದು. ಗಿಟಾರಿನ ಮಿಡಿತದ ಮೇಲೆ ಹಲವು ಕಂಠಗಳು ಹೊಂದಿಕೊಂಡು ಏರಿಳಿಯುವುದು ಅದರ ವೈಶಿಷ್ಟ್ಯ. ಹಾಡು ಕಟ್ಟುವವರು ರಾಬಿನ್ ಪೆಕ್ನೋಲ್ಡ್. ಆ ಹಾಡುಗಳಿಗೆ ಚಲಿಸುವ ಚಿತ್ರವನ್ನು ಕಟ್ಟಿದವರು ಅವರ ಅಣ್ಣ ಶಾನ್ ಪೆಕ್ನೋಲ್ಡ್. 2008ರಲ್ಲಿ 'ವೈಟ್ ವಿಂಟರ್ ಹಿಮ್ನಲ್' ಎಂಬ ಹಾಡಿಗೆ ಅವರು ಜೇಡಿಯ ಗೊಂಬೆಗಳನ್ನು ಬಳಸಿದರು. ಮರುವರ್ಷ 'ಮೈಕೊನೊಸ್' ಹಾಡಿಗೆ ಕತ್ತರಿಸಿದ ಬಣ್ಣದ ಕಾಗದಗಳೇ ಪಾತ್ರಧಾರಿಗಳಾದವು.

ಈ ಕಲೆ ತಾಳ್ಮೆಯ ಪರೀಕ್ಷೆ. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ ತೆಗೆಯಬೇಕು. ಮತ್ತೆ ಸರಿಸಿ ಮತ್ತೊಂದು. ಪರದೆಯ ಮೇಲೆ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಒಂದೊಂದು ಭಂಗಿಯನ್ನು ಎರಡೆರಡು ಸಲ ಬಳಸಿದರೂ ನಿಮಿಷಕ್ಕೆ 720 ಭಂಗಿಗಳು ಬೇಕು. ನಾವು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವ ಹೆಜ್ಜೆಯ ಹಿಂದೆ ಯಾರದೋ ಒಂದು ಹೊತ್ತಿನ ದುಡಿಮೆ ಅಡಗಿರುತ್ತದೆ.

2011ರ ಹಾಡು 'ದ ಶ್ರೈನ್ / ಆ್ಯನ್ ಆರ್ಗ್ಯುಮೆಂಟ್'. ಎಂಟು ನಿಮಿಷ ಮೀರುವ ಈ ಹಾಡು ಮೆಲುದನಿಯಲ್ಲಿ ಮೊದಲಾಗಿ, ನಡುವೆ ಕೂಗಾಗಿ ಒಡೆದು, ಕೊನೆಯಲ್ಲಿ ಊದುವ ವಾದ್ಯದ ಕರ್ಕಶ ಆರ್ತನಾದದಲ್ಲಿ ಚದರಿಹೋಗುತ್ತದೆ. ಹಾಡಿನ ಮಾತುಗಳಲ್ಲಿ ಹರಕೆಯ ನಾಣ್ಯಗಳಿವೆ, ಸೇಬಿನ ಮರವಿದೆ, ಅಗಲಿಕೆಯ ನೋವಿದೆ. ಚಿತ್ರದಲ್ಲಿ ಕಂಡದ್ದೇನು? ಸ್ಟೇಸಿ ರೋಜಿಕ್ ಅವರ ಕುಂಚದಿಂದ ಇಳಿದುಬಂದ, ಜಿಂಕೆಯನ್ನು ಹೋಲುವ ಕೊಂಬಿನ ಜೀವಿಯೊಂದು ಕತ್ತಲೆಯ ಲೋಕದಲ್ಲಿ ಒಂಟಿಯಾಗಿ ಅಲೆಯುತ್ತದೆ; ವಿಚಿತ್ರ ಮೃಗಗಳ ನಡುವೆ ಅದರ ಪಯಣ ಹಿಂಸೆಯ ಕಡೆಗೆ ಸಾಗುತ್ತದೆ.

ಅಭಿಮಾನಿಗಳ ಚರ್ಚೆ ಹುಟ್ಟಿದ್ದು ಇಲ್ಲಿಯೇ. ಆ ಜಿಂಕೆ ಯಾರು? ಹಾಡಿದವನೇ? ಅಗಲಿದ ಪ್ರೇಮವೇ? ಚಿತ್ರವನ್ನು ಮತ್ತೆ ಮತ್ತೆ ನೋಡಿ ಒಂದೊಂದು ಮೃಗಕ್ಕೂ ಅರ್ಥ ಹಚ್ಚಲು ಹೊರಟವರುಂಟು. ತನ್ನ ದುಃಖದ ದಿನಗಳಲ್ಲಿ ಈ ಹಾಡನ್ನು ನೆಚ್ಚಿಕೊಂಡಿದ್ದವನಿಗಾದರೋ ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ತನ್ನ ಮನೆಯ ಗೋಡೆಗೆ ಬೇರೆ ಯಾರೋ ಬಣ್ಣ ಬಳಿದಂತೆ ಅವನಿಗೆ ಕಸಿವಿಸಿಯಾದರೆ ಆಶ್ಚರ್ಯವೇನು?

ಈ ಕಸಿವಿಸಿಯನ್ನು ಅಲ್ಲಗಳೆಯಲಾಗದು. ಆದರೆ ಶಾನ್ ಮಾಡಿದ್ದನ್ನು ತುಸು ಗಮನಿಸಬೇಕು. ಸೇಬಿನ ಮರದ ಮಾತಿಗೆ ಸೇಬಿನ ಮರವನ್ನೇ ಬರೆದಿದ್ದರೆ ಕೇಳುಗನ ಮನಸ್ಸಿನಲ್ಲಿದ್ದ ಮರ ಅಂದೇ ಬಾಡುತ್ತಿತ್ತು. ಅವರು ಆ ದಾರಿ ಹಿಡಿಯಲಿಲ್ಲ. ಹಿಂದೆ 'ವೈಟ್ ವಿಂಟರ್ ಹಿಮ್ನಲ್' ಹಾಡಿನಲ್ಲಿ ಹಿಮದ ದಾರಿಯಲ್ಲಿ ನಡೆಯುವ ಎಳೆಯರಿದ್ದರೆ, ಚಿತ್ರದಲ್ಲಿದ್ದವರು ಕಾಲ ಸರಿಯುವುದನ್ನು ನೋಡುತ್ತ ಕುಳಿತ ಗಂಡಸರು. ನಮ್ಮ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ಅವರು ವಾಚ್ಯವನ್ನು ಬಿಟ್ಟು ಧ್ವನಿಯ ಬೆನ್ನು ಹತ್ತಿದರು. ತಮ್ಮನ ಹಾಡಿಗೆ ಅಣ್ಣನ ಚಿತ್ರ ಟೀಕೆಯಲ್ಲ, ತಾತ್ಪರ್ಯವಲ್ಲ. ಅದೇ ನೋವಿಗೆ ಹುಟ್ಟಿದ ಇನ್ನೊಂದು ಹಾಡು.

ಆದುದರಿಂದಲೇ ಜಿಂಕೆ ಯಾರೆಂಬ ಪ್ರಶ್ನೆಗೆ ಒಮ್ಮತದ ಉತ್ತರ ದೊರೆಯಲಿಲ್ಲ. ದೊರೆಯದಿದ್ದುದೇ ಒಳ್ಳೆಯದಾಯಿತು. ಚಿತ್ರ ಮುಗಿದ ಮೇಲೆ ಕಣ್ಣು ಮುಚ್ಚಿ ಹಾಡನ್ನು ಮತ್ತೊಮ್ಮೆ ಕೇಳಿದವನಿಗೆ ತನ್ನ ಸೇಬಿನ ಮರ ಇದ್ದಲ್ಲಿಯೇ ಇದೆಯೆಂಬುದು ತಿಳಿಯುತ್ತದೆ. ಅದರ ನೆರಳಿನಲ್ಲಿ ಈಗ ಒಂದು ಜಿಂಕೆಯೂ ಬಂದು ನಿಂತಿದೆ, ಅಷ್ಟೆ.