ನೋಟದಿಂದಲೂ ಅಕ್ಷರ ಕಲಿಯಬಹುದು

ನನ್ನ ತರಗತಿಯ ಹುಡುಗಿಗೆ ಮಾತು ಬಾರದು, ಬಳಪ ಹಿಡಿಯಲು ಬೆರಳು ಬಗ್ಗದು. ಹಾಗೆಂದು ಅಕ್ಷರ ಕಲಿಸುವುದನ್ನು ಮುಂದೂಡಬೇಕಿಲ್ಲ. ‘ಅ’ಕಾರದಿಂದಲೇ ಶುರುಮಾಡಬೇಕೆಂದೂ ಇಲ್ಲ, ಅವಳ ಹೆಸರಿನ ಮೊದಲ ಅಕ್ಷರ ‘ಮ’ದಿಂದ ತೊಡಗಿದೆವು.

ಕಪ್ಪು ರಟ್ಟಿನ ಮೇಲೆ ಹಳದಿ ಬಣ್ಣದಲ್ಲಿ ದಪ್ಪಗೆ ಬರೆದ ‘ಮ’ ಮತ್ತು ‘ಸ’ವನ್ನು ಮೊಳದಂತರದಲ್ಲಿ ಹಿಡಿಯುತ್ತೇನೆ. “ಮ ಎಲ್ಲಿದೆ ಪುಟ್ಟಿ?” ಎಂದು ಕೇಳಿ ಕಾಯುತ್ತೇನೆ. ಅವಳ ನೋಟ ನಿಂತ ಕಡೆಯೇ ಉತ್ತರ. ‘ಮ’, ‘ವ’ದಂತೆ ಒಂದನ್ನೊಂದು ಹೋಲುವ ಅಕ್ಷರಗಳನ್ನು ಆರಂಭದಲ್ಲಿ ಜೋಡಿಸುವುದಿಲ್ಲ.

ನೋಟದ ಈ ದಾರಿ ಒದಗದ, ಕಣ್ಣು ಕಾಣದ ಮಕ್ಕಳಿಗೆ ಆರು ಚುಕ್ಕಿಗಳ ಬ್ರೈಲ್ ಲಿಪಿ ಇದೆ. ಕಲಿಕೆಯ ದಾರಿ ಯಾವುದೇ ಇರಲಿ, ಶೇ. 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೊಟ್ಟ ಹಕ್ಕು. ಹೆತ್ತವರು ಅದನ್ನು ಧೈರ್ಯವಾಗಿ ಕೇಳಿ ಪಡೆಯಬೇಕು.