ಕಾವಲು ಕೋಶದ ಕೀಲಿ, ಬೆಳವಣಿಗೆಗೆ ಕಡಿವಾಣ

ನಮ್ಮ ಶರೀರದಲ್ಲಿ ಹಗಲಿರುಳೆನ್ನದೆ ಗಸ್ತು ತಿರುಗುವ ಬಿಳಿ ರಕ್ತಕಣಗಳಲ್ಲಿ 'ಟಿ ಕೋಶ'ಗಳದು ವಿಶಿಷ್ಟ ಸ್ಥಾನ. ವೈರಸ್ ಹೊಕ್ಕ ಜೀವಕೋಶವನ್ನು ಗುರುತಿಸಿ ನಾಶಪಡಿಸುವ ಹೊಣೆ ಇವುಗಳದು. ಆದರೆ ತನ್ನವರಾರು, ಪರಕೀಯರಾರು ಎಂಬುದನ್ನು ಈ ಕಾವಲುಗಾರರು ಅರಿಯುವುದು ಹೇಗೆ? ಟಿ ಕೋಶದ ಮೈಮೇಲಿರುವ ಗ್ರಾಹಿ, ಅಂದರೆ ರಿಸೆಪ್ಟರ್, ಈ ಕಾರ್ಯ ಮಾಡುತ್ತದೆಂಬ ಊಹೆ ಹಿಂದಿನಿಂದಲೂ ಇತ್ತು. ಆದರೆ ಅದನ್ನು ರೂಪಿಸುವ ಜೀನ್ 1980ರ ದಶಕದ ಆರಂಭದವರೆಗೂ ಯಾರ ಕೈಗೂ ಸಿಕ್ಕಿರಲಿಲ್ಲ.

ಈ ಒಗಟನ್ನು ಬಿಡಿಸಿದವರಲ್ಲಿ ಪ್ರಮುಖರು ಡಾ. ಟಾಕ್ ವಾ ಮಾಕ್. 1946ರಲ್ಲಿ ಚೀನಾದಲ್ಲಿ ಜನಿಸಿ, ಹಾಂಗ್‌ಕಾಂಗ್‌ನಲ್ಲಿ ಬೆಳೆದು, ಅಮೆರಿಕ ಹಾಗೂ ಕೆನಡಾಗಳಲ್ಲಿ ವ್ಯಾಸಂಗ ಮಾಡಿದ ಅವರು ಟೊರಾಂಟೊದ ಒಂಟಾರಿಯೊ ಕ್ಯಾನ್ಸರ್ ಸಂಸ್ಥೆಯಲ್ಲಿ ಸಂಶೋಧನೆ ಕೈಗೊಂಡರು. ಟಿ ಕೋಶದಲ್ಲಿ ಸಕ್ರಿಯವಾಗಿದ್ದು ಇತರ ಕೋಶಗಳಲ್ಲಿ ನಿಷ್ಕ್ರಿಯವಾಗಿರುವ ಜೀನ್‌ಗಳನ್ನು ಸೋಸಿ ತೆಗೆದ ಅವರ ತಂಡವು 1984ರಲ್ಲಿ ಮಾನವ ಟಿ ಕೋಶ ಗ್ರಾಹಿಯ ಜೀನೊಂದನ್ನು ಪ್ರಕಟಿಸಿತು. ಅದೇ ವೇಳೆಗೆ ಅಮೆರಿಕದ ಮಾರ್ಕ್ ಡೇವಿಸ್ ಮತ್ತು ಸಂಗಡಿಗರು ಇಲಿಯಲ್ಲಿ ಅಂಥದೇ ಜೀನನ್ನು ಕಂಡುಹಿಡಿದಿದ್ದರು. ಕೆಲವೇ ಜೀನ್ ತುಣುಕುಗಳು ಒಂದೊಂದು ಕೋಶದಲ್ಲಿ ಒಂದೊಂದು ಬಗೆಯಾಗಿ ಜೋಡಣೆಗೊಳ್ಳುವುದರಿಂದಲೇ ಕೋಟ್ಯಂತರ ವಿಧದ ಗ್ರಾಹಿಗಳು ಸಾಧ್ಯವಾಗುತ್ತವೆ.

ಗ್ರಾಹಿಯು ಶತ್ರುವನ್ನು ಗುರುತಿಸಿದರಷ್ಟೇ ಸಾಲದು. ಬ್ಯಾಂಕಿನ ಲಾಕರ್ ತೆರೆಯಲು ಬಾಡಿಗೆದಾರನ ಕೀಲಿಯೊಡನೆ ಬ್ಯಾಂಕಿನ ಕೀಲಿಯೂ ಬೇಕಲ್ಲವೆ? ಹಾಗೆಯೇ ಇಲ್ಲಿ ಸಿಡಿ28 ಎಂಬ ಮತ್ತೊಂದು ಗ್ರಾಹಿಯ ಸಮ್ಮತಿಯೂ ಬೇಕು. ಎರಡೂ ಕೂಡಿದಾಗ ಟಿ ಕೋಶವು ವಿಭಜನೆಗೊಂಡು ಸೈನ್ಯವಾಗಿ ಬೆಳೆಯುತ್ತದೆ. ಯುದ್ಧ ಮುಗಿದ ಮೇಲೆ ಆ ಸೈನ್ಯವನ್ನು ತಡೆಯುವವರಾರು? ಸಿಟಿಎಲ್‌ಎ-4 ಎಂಬ ಗ್ರಾಹಿ. 1995ರಲ್ಲಿ ಮಾಕ್ ಅವರ ತಂಡವು ಈ ಜೀನ್ ಇಲ್ಲದ ಇಲಿಗಳನ್ನು ಸೃಷ್ಟಿಸಿ ನೋಡಿತು. ಲಂಗುಲಗಾಮಿಲ್ಲದೆ ಬೆಳೆದ ಟಿ ಕೋಶಗಳು ಇಲಿಗಳ ಅಂಗಾಂಗಗಳನ್ನೇ ಆಕ್ರಮಿಸಿದವು. ಹುಟ್ಟಿದ ಮೂರು ನಾಲ್ಕು ವಾರಗಳಲ್ಲಿಯೇ ಅವು ಸತ್ತವು. ಅಮೆರಿಕದ ಮತ್ತೊಂದು ತಂಡವೂ ಅದೇ ವರ್ಷ ಇದೇ ನಿರ್ಣಯಕ್ಕೆ ಬಂದಿತು.

ಕಡಿವಾಣದ ಅಗತ್ಯ ರಕ್ಷಣಾ ಕೋಶಗಳಿಗೆ ಮಾತ್ರ ಸೀಮಿತವಲ್ಲ. ಅನೇಕ ಕ್ಯಾನ್ಸರ್‌ಗಳಲ್ಲಿ 'ಪಿ-ಟೆನ್' ಎಂಬ ಜೀನ್ ಕೆಟ್ಟಿರುವುದು 1997ರಲ್ಲಿ ತಿಳಿದುಬಂದಿತ್ತು. ಕೋಶಕ್ಕೆ 'ಬೆಳೆ, ಬದುಕು' ಎಂದು ಆಜ್ಞಾಪಿಸುವ ಸಂಕೇತವನ್ನು ಈ ಜೀನ್ ಹತ್ತಿಕ್ಕುತ್ತದೆಂದು 1998ರಲ್ಲಿ ಮಾಕ್ ಅವರ ಪ್ರಯೋಗಾಲಯ ತೋರಿಸಿಕೊಟ್ಟಿತು. ಈ ತಡೆ ತಪ್ಪಿದಾಗ, ಸಾಯಬೇಕಾದ ಕೋಶವೂ ಸಾಯದೆ ಉಳಿದು ಗಡ್ಡೆಗೆ ದಾರಿಯಾಗುತ್ತದೆ.

ಇಲ್ಲೊಂದು ವೈಚಿತ್ರ್ಯವಿದೆ. ಕ್ಯಾನ್ಸರ್ ಕೋಶಕ್ಕೆ ಕಡಿವಾಣ ಬಿಗಿಯಬೇಕು. ಅದನ್ನು ಎದುರಿಸುವ ಟಿ ಕೋಶದ ಕಡಿವಾಣವನ್ನೋ ಸಡಿಲಿಸಬೇಕು. ಸಿಟಿಎಲ್‌ಎ-4 ಅನ್ನು ತಡೆಹಿಡಿದರೆ ಇಲಿಗಳ ಗಡ್ಡೆ ಕರಗುವುದನ್ನು 1996ರಲ್ಲಿ ಜೇಮ್ಸ್ ಆಲಿಸನ್ ತೋರಿಸಿದರು. ಈ ತತ್ತ್ವದ ಮೇಲೆ ರೂಪುಗೊಂಡ ಇಪಿಲಿಮುಮ್ಯಾಬ್ ಔಷಧಕ್ಕೆ 2011ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು. 2018ರಲ್ಲಿ ಆಲಿಸನ್ ಅವರು ಜಪಾನಿನ ತಸುಕು ಹೊಂಜೊ ಅವರೊಡನೆ ನೊಬೆಲ್ ಪುರಸ್ಕಾರಕ್ಕೆ ಪಾತ್ರರಾದರು.

ಗ್ರಾಹಿಯ ಕಥೆ ನಮ್ಮ ಮುಂಬಯಿಯನ್ನೂ ತಲುಪಿದೆ. ರೋಗಿಯ ಟಿ ಕೋಶಗಳಿಗೆ ಕೃತಕ ಗ್ರಾಹಿಯನ್ನು ತೊಡಿಸಿ ರಕ್ತದ ಕ್ಯಾನ್ಸರಿನ ಮೇಲೆ ಬಿಡುವ 'ಕಾರ್-ಟಿ' ಚಿಕಿತ್ಸೆಯನ್ನು ಐಐಟಿ ಬಾಂಬೆ ಹಾಗೂ ಟಾಟಾ ಮೆಮೋರಿಯಲ್ ಕೇಂದ್ರಗಳು ಜೊತೆಗೂಡಿ ಅಭಿವೃದ್ಧಿಪಡಿಸಿದವು. 2023ರಲ್ಲಿ ಅದಕ್ಕೆ ಅನುಮತಿ ದೊರೆತು, ಮರುವರ್ಷ ರಾಷ್ಟ್ರಪತಿಗಳು ಅದನ್ನು ಲೋಕಾರ್ಪಣೆಗೊಳಿಸಿದರು.

ಆದರೆ ಈ ಚಿಕಿತ್ಸೆಗಳು ಎಲ್ಲ ರೋಗಿಗಳಿಗೂ ಫಲ ಕೊಡುವುದಿಲ್ಲ. ಕಡಿವಾಣ ಸಡಿಲಿಸುವ ಔಷಧಗಳಿಂದ ಕರುಳು, ಚರ್ಮ, ಯಕೃತ್ತುಗಳ ಮೇಲೆ ಟಿ ಕೋಶಗಳೇ ಎರಗುವ ಅಪಾಯವೂ ಉಂಟು. ಆ ಪುಟ್ಟ ಇಲಿಗಳು ಇದರ ಎಚ್ಚರಿಕೆಯನ್ನು 1995ರಲ್ಲಿಯೇ ನೀಡಿದ್ದವು. ಎಲ್ಲಿ, ಎಷ್ಟು, ಯಾವಾಗ ಸಡಿಲಿಸಬೇಕು ಎಂಬುದನ್ನು ಅರಿಯುವುದರಲ್ಲಿಯೇ ರೋಗಿಯ ಪ್ರಾಣ ಅಡಗಿದೆ.