ಸೀರೆ ನವಿಲು ಹಸಿರು, ಆಲ್ಬಮ್ಮು ಬೂದಿ ಹಸಿರು!

ಮದುವೆ ಸೀಸನ್ ಮುಗಿದು ಎರಡು ತಿಂಗಳಾದ ಮೇಲೆ ಊರಿನ ಯಾವುದಾದರೂ ಫೋಟೊ ಸ್ಟುಡಿಯೋ ಬಾಗಿಲಲ್ಲಿ ಅರ್ಧ ಗಂಟೆ ನಿಂತುಕೊಳ್ಳಿ. ಈ ಜಗಳ ಕಿವಿಗೆ ಬಿದ್ದೇ ಬೀಳುತ್ತದೆ. ಮದುಮಗಳ ತಾಯಿ ಚೀಲದಿಂದ ಆರತಕ್ಷತೆ ಸೀರೆ ತೆಗೆದು ಕೌಂಟರ್ ಮೇಲೆ ಹರಡುತ್ತಾರೆ. ಪಕ್ಕದಲ್ಲೇ ಆಲ್ಬಮ್ ಬಿಚ್ಚಿಡುತ್ತಾರೆ. ಸೀರೆಯದು ಥಳಥಳಿಸುವ ನವಿಲು ಹಸಿರು. ಆಲ್ಬಮ್ಮಿನಲ್ಲಿ ಅದು ನಾಲ್ಕು ವರ್ಷ ಒಗೆದ ಹತ್ತಿ ಸೀರೆಯ ಹಾಗೆ. ಹುಡುಗಿಯ ಮುಖವೂ ಜ್ವರ ಬಂದೆದ್ದವಳ ಹಾಗೆ ಪೇಲವ.

‘ನೀವೇ ನೋಡಿ ಸಾರ್, ಇದು ಆ ಸೀರೇನಾ?’

‘ಅಮ್ಮಾ, ಕಂಪ್ಯೂಟರಲ್ಲಿ ಚೆನ್ನಾಗೇ ಇತ್ತು. ಬೇಕಾದ್ರೆ ಈಗಲೂ ತೋರಿಸ್ತೀನಿ ಬನ್ನಿ.’

ತೋರಿಸುತ್ತಾರೆ. ನಿಜವಾಗಿಯೂ ಚೆನ್ನಾಗೇ ಇದೆ! ಜಗಳ ಜೋರಾಗುವುದು ಅಲ್ಲಿಂದಲೇ. ಪ್ರಿಂಟ್ ಹಾಕಿದ ಲ್ಯಾಬಿಗೆ ಫೋನ್ ಹೋಗುತ್ತದೆ. ‘ನೀವು ಕಳಿಸಿದ ಫೈಲ್ ಹೆಂಗಿತ್ತೋ ಹಂಗೇ ಹಾಕಿದ್ದೀವಿ’ ಎಂಬ ಉತ್ತರ. ಪುಟ ಜೋಡಿಸಿದ ಡಿಸೈನರ್ ಹುಡುಗ ಫೋನ್ ಎತ್ತುವುದೇ ಇಲ್ಲ. ವಿಚಿತ್ರವೆಂದರೆ ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಮೂವರ ಕೆಲಸವೂ ಸರಿಯೇ, ಕೆಟ್ಟಿದ್ದು ಮಾತ್ರ ಆಲ್ಬಮ್ಮು.

ಕೆಟ್ಟರೆ ಸಣ್ಣ ನಷ್ಟವಲ್ಲ. ಈಗಿನ 12×36 ಇಂಚಿನ ಆಲ್ಬಮ್ಮುಗಳಲ್ಲಿ ಹಾಳೆಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ ಕಟ್ಟಿರುತ್ತಾರೆ. ಹಳೇ ಕಾಲದ ಕಪ್ಪು ಹಾಳೆಯ ಆಲ್ಬಮ್ಮಿನಂತೆ ಒಂದು ಫೋಟೊ ಕಿತ್ತು ಇನ್ನೊಂದು ಸಿಕ್ಕಿಸುವ ಹಾಗಿಲ್ಲ. ಆರು ಹಾಳೆ ಕೆಟ್ಟರೂ ಇಡೀ ಪುಸ್ತಕ ಮತ್ತೆ ಆಗಬೇಕು. ಮದುವೆ ಮನೆಯವರು ಬಾಕಿ ಹಣ ತಡೆಹಿಡಿಯುತ್ತಾರೆ, ಲ್ಯಾಬಿನವರು ಬಿಲ್ಲು ಬಿಡುವುದಿಲ್ಲ. ನಡುವೆ ಸಿಕ್ಕಿ ಒದ್ದಾಡುವವನು ಸ್ಟುಡಿಯೋದವನು.

ಯಾವ ಸೇರು?

ಅಂಗಡಿ ಇಟ್ಟವರಿಗೆ ಇದು ಬೇಗ ಅರ್ಥವಾಗುತ್ತದೆ. ಕಿಲೋ ಬರುವ ಮೊದಲು ಚೀಟಿಯಲ್ಲಿ ‘ನಾಲ್ಕು ಸೇರು’ ಎಂದು ಬರೆದರೆ ಸಾಲುತ್ತಿರಲಿಲ್ಲ. ಕಚ್ಚಾ ಸೇರೋ, ಪಕ್ಕಾ ಸೇರೋ ಎಂದು ಕೇಳಬೇಕಿತ್ತು. ಊರಿಗೊಂದು ಸೇರು ಬೇರೆ. ಬರೆದವನು ದೊಡ್ಡ ಸೇರು ಮನಸ್ಸಿನಲ್ಲಿಟ್ಟು, ಅಳೆದವನು ಸಣ್ಣ ಸೇರಿನಲ್ಲಿ ಅಳೆದರೆ ಚೀಲ ಅರ್ಧವೇ.

ಡಿಜಿಟಲ್ ಫೋಟೊ ಕೂಡ ಇಂಥದೇ ಚೀಟಿ. ಅದರೊಳಗೆ ಬಣ್ಣ ಇರುವುದಿಲ್ಲ, ಅಂಕಿ ಇರುತ್ತದೆ. ಪ್ರತಿ ಚುಕ್ಕೆಗೂ ಕೆಂಪು ಇಷ್ಟು, ಹಸಿರು ಇಷ್ಟು, ನೀಲಿ ಇಷ್ಟು ಎಂದು 0ಯಿಂದ 255ರವರೆಗಿನ ಮೂರು ಅಂಕಿ. ಆ ಅಂಕಿ ಯಾವ ಸೇರಿನದು ಎಂದು ಹೇಳುವುದೇ ಕಲರ್ ಸ್ಪೇಸ್. ಫೈಲಿಗೆ ಅಂಟಿರುವ ‘ಪ್ರೊಫೈಲ್’ ಎಂಬ ಸಣ್ಣ ಚೀಟಿಯಲ್ಲಿ ಅದು ದಾಖಲಾಗಿರುತ್ತದೆ.

ಸಣ್ಣ ಸೇರಿನ ಹೆಸರು ಎಸ್‌ಆರ್‌ಜಿಬಿ. ಹ್ಯೂಲೆಟ್ ಪ್ಯಾಕಾರ್ಡ್ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು 1996ರಲ್ಲಿ ಅದನ್ನು ಮುಂದಿಟ್ಟವು. 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಸಾಮಾನ್ಯ ಕಂಪ್ಯೂಟರ್ ಪರದೆಗಳು, ಬಹುಪಾಲು ಫೋಟೊ ಲ್ಯಾಬುಗಳು ನಂಬಿರುವುದು ಇದನ್ನೇ. ದೊಡ್ಡ ಸೇರು 1998ರ ಅಡೋಬಿ ಆರ್‌ಜಿಬಿ. ಕೆಂಪು, ನೀಲಿಯ ಗಡಿ ಎರಡರಲ್ಲೂ ಒಂದೇ. ಅಡೋಬಿಯಲ್ಲಿ ಹಸಿರಿನ ಗಡಿ ಮಾತ್ರ ಬಹಳ ದೂರಕ್ಕೆ ಹೋಗುತ್ತದೆ. ನವಿಲು ಹಸಿರು, ಗಿಳಿ ಹಸಿರು ಸೀರೆಗಳೇ ಹೆಚ್ಚು ಜಗಳ ತರುವುದೂ ಅದಕ್ಕೇ.

ಎಸ್‌ಆರ್‌ಜಿಬಿಯಲ್ಲಿ 255 ಎಂದು ಬರೆದ ಅಪ್ಪಟ ಕೆಂಪನ್ನು ಅಡೋಬಿ ಆರ್‌ಜಿಬಿಯಲ್ಲಿ ಬರೆಯುವಾಗ 219 ಎಂದರೆ ಸಾಕು. ಸೇರು ದೊಡ್ಡದು, ಅಂಕಿ ಸಣ್ಣದು. ಲ್ಯಾಬಿನ ಯಂತ್ರ ಚೀಟಿ ನೋಡದೆ 219ನ್ನು ಸಣ್ಣ ಸೇರಿನಲ್ಲಿ ಅಳೆದರೆ ಕೆಂಪು ಸೊರಗಿತು. ಹಸಿರು ಇನ್ನೂ ಸೊರಗಿತು. ಸ್ಟುಡಿಯೋ ಕಂಪ್ಯೂಟರ್ ಚೀಟಿ ಓದಿ ಸರಿಯಾಗಿ ತೋರಿಸಿತ್ತು, ಯಂತ್ರ ಓದಲಿಲ್ಲ. ಇಲ್ಲವೇ ಪುಟ ಜೋಡಿಸುವಾಗ ಚೀಟಿಯೇ ಉದುರಿಹೋಗಿತ್ತು. ಇಷ್ಟೇ ಗುಟ್ಟು.

ಕ್ಯಾಮೆರಾ ಮೆನುವಿನಲ್ಲಿ ‘ಅಡೋಬಿ ಆರ್‌ಜಿಬಿ’ ಕಂಡ ಕೂಡಲೇ ದೊಡ್ಡದೇ ಒಳ್ಳೆಯದು ಎಂದು ಒತ್ತಿಬಿಡುವ ಹುಡುಗರು ಬಹಳ. ಅದಕ್ಕೂ ದೊಡ್ಡದಾಗಿ ಕೊಡಾಕ್ ಕಂಪನಿ ರೂಪಿಸಿದ ಪ್ರೊಫೋಟೊ ಆರ್‌ಜಿಬಿ ಇದೆ. ಅಲ್ಲೂ ಮೆಟ್ಟಿಲು ಅದೇ 256 ಆದರೆ ಒಂದೊಂದು ಮೆಟ್ಟಿಲೂ ಎತ್ತರವಾಗಿ, ಮಂಟಪದ ಹಿಂದಿನ ನುಣುಪು ಪರದೆಯಲ್ಲಿ ಪಟ್ಟೆ ಪಟ್ಟೆ ಏಳುತ್ತದೆ. ತಿದ್ದುವ ಕೆಲಸಕ್ಕೆ 16 ಬಿಟ್ಟಿನಲ್ಲಿಟ್ಟುಕೊಂಡರೆ ಅದೂ ಒಳ್ಳೆಯದೇ. ಲ್ಯಾಬಿಗೆ ಕಳಿಸುವ ಸರಕಲ್ಲ.

ಹೆಸರಿನ ಮುಂದೊಂದು ಗೆರೆ

ಫೋಟೊ ತೆಗೆದವನು ಯಾವ ಸೇರಿಟ್ಟಿದ್ದ ಎಂದು ಫೈಲಿನ ಹೆಸರಲ್ಲೇ ಪತ್ತೆ ಹಚ್ಚಬಹುದು. ನಿಕಾನ್, ಕ್ಯಾನನ್ ಕ್ಯಾಮೆರಾಗಳು ತಾವಾಗಿ ಕೊಡುವ ಹೆಸರು ಅಡಿಗೆರೆಯಿಂದ ಶುರುವಾದರೆ ಅದು ಅಡೋಬಿ ಆರ್‌ಜಿಬಿ ಎಂದು ಲೆಕ್ಕ. ‘ರಾ’ ಫೈಲಾಗಿದ್ದರೆ ಚಿಂತೆಯಿಲ್ಲ, ಯಾವ ಸೇರು ಎಂಬುದನ್ನು ಆಮೇಲೆ ತೀರ್ಮಾನಿಸಬಹುದು. ನೆಂಟರ ಫೋನಿನ ಫೋಟೊಗಳೂ ಇದರಲ್ಲಿ ಸೇರಿಕೊಳ್ಳುತ್ತವೆ. ಐಫೋನುಗಳು 2016ರ ಏಳನೇ ಮಾದರಿಯಿಂದ ಡಿಸ್‌ಪ್ಲೇ ಪಿ3 ಎಂಬ ಮತ್ತೊಂದು ಸೇರಿನಲ್ಲಿ ಬರೆಯುತ್ತಿವೆ. ಚಿಕ್ಕಪ್ಪನ ಮಗ ಹಿಡಿದ ಅರಿಶಿನ ಶಾಸ್ತ್ರದ ಫೋಟೊ ಪುಟದಲ್ಲಿ ಬೇರೆಯೇ ಬಣ್ಣದಲ್ಲಿ ಕೂರುವುದಕ್ಕೆ ಇದೂ ಒಂದು ಕಾರಣ.

ತಿದ್ದುವಾಗಲೂ ಒಂದು ಎಡವಟ್ಟಿದೆ. ಫೋಟೊಶಾಪಿನಲ್ಲಿ ‘ಅಸೈನ್’ ಮತ್ತು ‘ಕನ್ವರ್ಟ್’ ಎಂಬ ಎರಡು ಬಾಗಿಲು ಅಕ್ಕಪಕ್ಕದಲ್ಲೇ ಇವೆ. ಅಸೈನ್ ಎಂದರೆ ಮೂಟೆಯ ಮೇಲಿನ ಚೀಟಿ ಬದಲಾಯಿಸುವುದು, ಒಳಗಿನ ಲೆಕ್ಕ ಹಾಗೇ. ಕನ್ವರ್ಟ್ ಎಂದರೆ ಹೊಸ ಸೇರಿನಲ್ಲಿ ಅಳೆದು ಅಂಕಿಯನ್ನೂ ಬದಲಾಯಿಸುವುದು. ಬೇಕಾದ್ದು ಎರಡನೆಯದು. ಉಳಿಸುವಾಗ ಪ್ರೊಫೈಲ್ ಸೇರಿಸುವ ಚೌಕಕ್ಕೆ ಟಿಕ್ ಹಾಕಬೇಕು. ಅವಸರದಲ್ಲಿ ಬಿಟ್ಟುಹೋಗುವುದು ಇದೇ.

ಲ್ಯಾಬುಗಳಲ್ಲೂ ಎರಡು ಜಾತಿ. ಫೋಟೊ ಕಾಗದದ ಮೇಲೆ ಲೇಸರ್ ಬೆಳಕು ಬಿಟ್ಟು ಕೆಮಿಕಲ್ಲಿನಲ್ಲಿ ತೊಳೆಯುವವರು ಸಾಧಾರಣವಾಗಿ ಎಸ್‌ಆರ್‌ಜಿಬಿ ಕೇಳುತ್ತಾರೆ. ಡಿಜಿಟಲ್ ಪ್ರೆಸ್ಸಿನಲ್ಲಿ ಹೊಡೆಯುವವರದು ಶಾಯಿ, ಅಲ್ಲಿ ಕೊನೆಗೆ ಕೆಲಸ ಮಾಡುವುದು ಸಿಎಂವೈಕೆ ಎಂಬ ನಾಲ್ಕು ಬಣ್ಣ. ಹಾಗಂತ ಸ್ಟುಡಿಯೋದವರೇ ಮುಂಚಿತವಾಗಿ ಸಿಎಂವೈಕೆಗೆ ತಿರುಗಿಸಿ ಕಳಿಸಿದರೆ ಎರಡನೇ ಅನಾಹುತ. ಯಾವ ಕಾಗದ, ಯಾವ ಶಾಯಿ ಎಂದು ತಿಳಿಯದೆ ಮಾಡುವ ಲೆಕ್ಕ ಅದು. ಪ್ರೆಸ್ಸಿನವರು ತಮ್ಮ ಪ್ರೊಫೈಲ್ ಕೊಟ್ಟು ಕೇಳಿದರೆ ಸರಿ, ಇಲ್ಲದಿದ್ದರೆ ಎಸ್‌ಆರ್‌ಜಿಬಿಯಲ್ಲೇ ಕಳಿಸುವುದು ಕ್ಷೇಮ.

ಇಷ್ಟೆಲ್ಲ ಮಾಡಿದರೂ ಆಲ್ಬಮ್ಮಿನ ಹಸಿರು ರೇಷ್ಮೆಯ ಹಸಿರಿನಷ್ಟು ಹೊಳೆಯುವುದಿಲ್ಲ. ಪರದೆಗೆ ಸ್ವಂತ ಬೆಳಕಿದೆ, ಕಾಗದಕ್ಕಿಲ್ಲ. ರೇಷ್ಮೆಯೋ ತಿರುಗಿಸಿದಂತೆಲ್ಲ ಬಣ್ಣ ಬದಲಾಯಿಸುತ್ತದೆ. ಪರದೆಯ ಬೆಳಕನ್ನು ಪೂರ್ತಿ ಏರಿಸಿಕೊಂಡು ತಿದ್ದುವ ಸ್ಟುಡಿಯೋಗಳ ಆಲ್ಬಮ್ಮು ಕತ್ತಲಾಗಿಯೂ ಬರುತ್ತದೆ, ಅದಕ್ಕೆ ಕಲರ್ ಸ್ಪೇಸನ್ನು ದೂರಿ ಫಲವಿಲ್ಲ.

ತಿಳಿದ ಸ್ಟುಡಿಯೋದವರು ಮೊದಲೇ ಒಂದು ಹಾಳೆ ಹಾಕಿಸಿ ತರಿಸುತ್ತಾರೆ. ಅದರಲ್ಲಿ ಮದುಮಗಳ ಮುಖ, ಸೀರೆ, ಮದುಮಗನ ಕಪ್ಪು ಕೋಟು ಮೂರೂ ಇರುತ್ತವೆ. ಮನೆಯವರನ್ನು ಕರೆದು, ಟ್ಯೂಬ್‌ಲೈಟ್ ಕೆಳಗಲ್ಲ, ಬಾಗಿಲ ಬಳಿ ಹಗಲು ಬೆಳಕಿನಲ್ಲಿ ತೋರಿಸುತ್ತಾರೆ. ಒಂದು ಹಾಳೆಯ ಖರ್ಚು. ಆಲ್ಬಮ್ ಕಟ್ಟಿ ಮುಗಿದ ಮೇಲೆ ಸೀರೆ ಹೊತ್ತು ಬಂದ ತಾಯಿಗೆ ಅದು ಉಪಯೋಗವಿಲ್ಲ. ಅವರು ಸೀರೆ ಮಡಿಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ, ಆಲ್ಬಮ್ಮನ್ನು ಕೌಂಟರ್ ಮೇಲೇ ಬಿಡುತ್ತಾರೆ. ‘ಸರಿಯಾಗಿ ಮಾಡ್ಕೊಡಿ ಸಾರ್. ಬಾಕಿ ದುಡ್ಡು ಆಮೇಲೆ ನೋಡೋಣ.’